ಬತ್ತಿಯ ಲೆಕ್ಕ

ಮೈಸೂರಿನ ಹಳೆಯ ಅಗ್ರಹಾರದ ಬೀದಿಗಳಲ್ಲಿ ಜಗಲಿಯುಳ್ಳ ಮನೆಗಳು ಇನ್ನೂ ಕೆಲವು ಉಳಿದುಕೊಂಡಿವೆ. ನಾವು ವಾಸವಾಗಿರುವುದು ಅಂಥದೊಂದು ಮನೆಯಲ್ಲಿ. ಸಾಯಂಕಾಲ ನಾಲ್ಕು ಗಂಟೆಯ ಬಿಸಿಲು ಎದುರುಮನೆಯ ಗೋಡೆಯನ್ನು ಏರತೊಡಗಿದ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಚಾಪೆ ಬೀಳುತ್ತದೆ; ಚಾಪೆಯ ಮೇಲೆ ಬಿಡಿಸಿದ ಹತ್ತಿಯ ಮೊರವೂ, ಒಂದು ಸಣ್ಣ ಬಟ್ಟಲಿನಲ್ಲಿ ನಾಲ್ಕು ಹನಿ ಹಾಲೂ ಬಂದು ಕೂಡುತ್ತವೆ. ಅನಂತರ ಒಬ್ಬೊಬ್ಬರಾಗಿ ನಾಲ್ವರು ಹೆಂಗಸರು ಬರುತ್ತಾರೆ. ಅವರಲ್ಲಿ ಒಬ್ಬಳು ನನ್ನ ಅಕ್ಕ, ವಯಸ್ಸು ಎಪ್ಪತ್ತೊಂದು. ಆಕೆಯನ್ನು ಕೊಟ್ಟಿದ್ದುದೂ ಇದೇ ಬೀದಿಗೆ. ಭಾವನವರು ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾಳೆ. ಉಳಿದ ಮೂವರನ್ನು ಬೀದಿಯ ವಾಡಿಕೆಯಂತೆ ಬಾವಿಮನೆಯಮ್ಮ, ಮಹಡಿಮನೆಯಮ್ಮ, ಮೇಡಮ್ಮ ಎಂದು ಕರೆಯುತ್ತೇನೆ. ಮೇಡಮ್ಮನವರು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಇವರು ನಲವತ್ತು ವರ್ಷಗಳ ಸ್ನೇಹಿತೆಯರಾದರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದುದನ್ನಾಗಲಿ, ಏಕವಚನದಲ್ಲಿ ಮಾತನಾಡಿಸಿದುದನ್ನಾಗಲಿ ನಾನು ಕೇಳಿದವನಲ್ಲ. ಆದುದರಿಂದ ಈ ಲೇಖನದಲ್ಲಿ ಯಾರ ಹೆಸರೂ ಬಾರದಿರುವುದರಿಂದ ಅವರಿಗೆ ನಷ್ಟವೇನೂ ಇಲ್ಲ. ಇಲ್ಲಿ ಬರೆದಿರುವುದನ್ನು ಬಾವಿಮನೆಯಮ್ಮನವರಿಗೆ ಮೊದಲೇ ಓದಿ ಹೇಳಿ, ಅವರ ಅನುಮತಿಯನ್ನು ಪಡೆದಿದ್ದೇನೆ. ಒಂದೆರಡು ಕಡೆ ಅವರು ತಿದ್ದಿಯೂ ಇದ್ದಾರೆ.

2025ನೆಯ ಇಸವಿಯ ಶಿವರಾತ್ರಿಯ ದಿನ ಈ ನಾಲ್ವರೂ ಸೇರಿ ಲಕ್ಷಬತ್ತಿಯ ವ್ರತವನ್ನು ಹಿಡಿದರು. ಕಾರ್ತಿಕ ಪೌರ್ಣಮಿಯೊಳಗಾಗಿ ಒಂದು ಲಕ್ಷ ಹೂಬತ್ತಿಗಳನ್ನು ಕೈಯಿಂದ ಹೊಸೆದು ಈಶ್ವರನ ಗುಡಿಯಲ್ಲಿ ಬೆಳಗಿಸತಕ್ಕದ್ದು. ಲೆಕ್ಕವನ್ನು ಹಾಕಿಕೊಟ್ಟವನು ನಾನೇ. ಫೆಬ್ರವರಿ 26ರಿಂದ ನವೆಂಬರ್ 5ರ ವರೆಗೆ 252 ದಿವಸಗಳು. ನಾಲ್ವರೂ ದಿನಕ್ಕೆ ನೂರು ನೂರು ಹೊಸೆದರೆ 250 ದಿವಸಗಳಿಗೆ ಲಕ್ಷವಾಗಿ ಎರಡು ದಿನ ಉಳಿಯುತ್ತದೆ. ಹೊಸೆದ ಬತ್ತಿಗಳನ್ನು ನೂರು ನೂರಾಗಿ ಎಣಿಸಿ, ಕೆಂಪು ದಾರದಿಂದ ಕಟ್ಟಿ, ಅಂಥ ಹತ್ತು ಕಟ್ಟುಗಳನ್ನು ಒಂದು ಬಟ್ಟೆಯಲ್ಲಿ ಸಾವಿರದ ಗಂಟಾಗಿ ಕಟ್ಟಿಡುವ ಅಧಿಕಾರವು ಬಾವಿಮನೆಯಮ್ಮನವರದು. ಅವರಿಗೆ ವಯಸ್ಸು ಎಪ್ಪತ್ತನಾಲ್ಕು. ಮದುವೆಯ ಮನೆಗಳಲ್ಲಿ ಉಗ್ರಾಣದ ಬಾಗಿಲಲ್ಲಿ ಕುಳಿತು, ಕಾಗದದ ಮೇಲೆ ಒಂದಕ್ಷರವನ್ನೂ ಬರೆಯದೆ, ಎಷ್ಟು ಸೇರು ಅಕ್ಕಿ ಹೊರಗೆ ಹೋಯಿತು, ಎಷ್ಟು ತೆಂಗಿನಕಾಯಿ ಒಳಗೆ ಬಂದಿತು ಎಂಬುದನ್ನು ರಾತ್ರಿ ತಪ್ಪಿಲ್ಲದೆ ಒಪ್ಪಿಸುತ್ತಿದ್ದವರು ಅವರು. ಗಣಿತದಲ್ಲಿ ನಾನು ಅಷ್ಟೇನೂ ಸಮರ್ಥನಲ್ಲವಾದ್ದರಿಂದ ಅವರನ್ನು ಕಂಡರೆ ನನಗೆ ಸ್ವಲ್ಪ ಭಯವೇ ಇದ್ದಿತು.

ಆಷಾಢದ ಒಂದು ರಾತ್ರಿ ಊಟವಾದ ಮೇಲೆ ಅಕ್ಕ ನನ್ನ ಕೋಣೆಗೆ ಬಂದು, ಬಾಗಿಲನ್ನು ಮುಂದಕ್ಕೆ ಮಾಡಿ, ಮಡಿಲಿನಿಂದ ಮೂರು ಬತ್ತಿಯ ಕಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. “ಎಣಿಸೋ” ಎಂದಳು. ಒಂದರಲ್ಲಿ ಎಂಬತ್ತಮೂರು ಇದ್ದುವು. ಇನ್ನೊಂದರಲ್ಲಿ ನೂರ ಇಪ್ಪತ್ತೊಂದು. ಮೂರನೆಯದನ್ನು ಎಣಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ.

“ಯಾವಾಗಿನಿಂದ?” ಎಂದು ಕೇಳಿದೆ.

“ಯುಗಾದಿ ಕಳೆದ ಮೇಲೆ. ನಾನೂ ಮೇಡಮ್ಮನೂ ರಾತ್ರಿ ಬಿಚ್ಚಿ ಸರಿಮಾಡಿ ಕಟ್ಟುತ್ತಾ ಇದ್ದೀವಿ. ಮೇಡಮ್ಮನ ಕಣ್ಣಿಗೆ ಪೊರೆ ಬಂದಿದೆ. ಇನ್ನು ಮೇಲೆ ನೀನು ಎಣಿಸಿಕೊಡು. ಯಾರ ಹತ್ತಿರವೂ ಬಾಯಿ ಬಿಡಬೇಡ.”

ನಾನು ಎಣಿಸಿಕೊಟ್ಟೆ. ಮಾರನೆಯ ರಾತ್ರಿಯೂ ಎಣಿಸಿಕೊಟ್ಟೆ. ಹೀಗೆ ಆ ಗುಪ್ತವಾದ ಲೆಕ್ಕದಲ್ಲಿ ನಾನೂ ಪಾಲುಗಾರನಾದೆ.

ಅನಂತರ ಒಂದೊಂದಾಗಿ ಎಲ್ಲವೂ ಹೊರಗೆ ಬಂದಿತು. ಬಾವಿಮನೆಯಮ್ಮನವರು ಒಬ್ಬರೇ ಇರುವವರು; ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾನೆ. ಹೇಳಿದ ಸಂಗತಿಯನ್ನೇ ಕಾಲುಗಂಟೆಯೊಳಗೆ ಮತ್ತೆ ಹೇಳುವುದು, ಹಾಲನ್ನು ಒಲೆಯ ಮೇಲಿಟ್ಟು ಗುಡಿಗೆ ಹೊರಟುಬಿಡುವುದು, ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಇವೆಲ್ಲ ನಡೆಯುತ್ತಿದ್ದುವು. ಸ್ನೇಹಿತೆಯರು ಇದಕ್ಕೆಲ್ಲ ಒಂದು ವ್ಯವಸ್ಥೆಯನ್ನೇ ಮಾಡಿಕೊಂಡಿದ್ದರು. ರಾತ್ರಿ ಎಂಟಕ್ಕೆ ಮಹಡಿಮನೆಯಮ್ಮ ಫೋನು ಮಾಡಿ ಏನೋ ಒಂದು ನೆಪದಿಂದ ಅಡಿಗೆಮನೆಯವರೆಗೆ ಅವರನ್ನು ನಡೆಸುವುದು. ಮಗನು ಬರುವ ಶನಿವಾರ ಬೆಳಗ್ಗೆಯೇ ಅಕ್ಕ ಹೋಗಿ ಡಬ್ಬಿಗಳನ್ನು ಸರಿಮಾಡಿ, ಸುಟ್ಟ ಪಾತ್ರೆಗಳನ್ನು ಎತ್ತಿಕೊಂಡು ಬರುವುದು. ಬಸ್ಸಿನಲ್ಲಿ ಹೋಗುವಾಗ ಅವರನ್ನು ಕಿಟಕಿಯ ಕಡೆಗೆ ಕೂರಿಸಿ ಇಬ್ಬರು ಈಚೆಗೆ ಕುಳಿತುಕೊಳ್ಳುವುದು. 2023ನೆಯ ಇಸವಿಯ ಜೂನ್ ತಿಂಗಳಲ್ಲಿ ಸರ್ಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವೆಂದು ಆದಂದಿನಿಂದ ಈ ನಾಲ್ವರೂ ನಂಜನಗೂಡು, ಮೇಲುಕೋಟೆ, ಶ್ರೀರಂಗಪಟ್ಟಣ ಎಂದು ತಿರುಗಿದ್ದು ಸ್ವಲ್ಪವಲ್ಲ. ಹೀಗೆ ಒಮ್ಮೆ ಹೋದಾಗ ನಂಜನಗೂಡಿನ ಬಸ್‌ನಿಲ್ದಾಣದಲ್ಲಿ ಅವರು ಅರ್ಧ ಗಂಟೆ ಕಾಣದೆ ಹೋದುದನ್ನು ಮೂವರೂ ನುಂಗಿಕೊಂಡಿದ್ದರು.

ಇಷ್ಟು ಶ್ರಮಪಟ್ಟು ಮುಚ್ಚಿಡುವುದೇತಕ್ಕೆ ಎಂದು ನಾನು ಕೇಳಿದುದಕ್ಕೆ ಅಕ್ಕ, “ತಿಳಿದರೆ ಮಾರನೆಯ ದಿನವೇ ಕರಕೊಂಡು ಹೋಗ್ತಾನೆ. ಹತ್ತನೆಯ ಅಂತಸ್ತಿನಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಇರುವ ನೆನಪೂ ಹೋಗುತ್ತೆ” ಎಂದಳು. ಮಗನೇನೋ ಒಳ್ಳೆಯವನೇ. ಆದರೆ ಆಕೆ ಹೇಳಿದುದರಲ್ಲಿ ಎಷ್ಟು ನಿಜವಿತ್ತೆಂಬುದನ್ನು ಮುಂದೆ ಹೇಳುತ್ತೇನೆ. ಇನ್ನೊಂದು ಕಾರಣವನ್ನು ಅಕ್ಕ ಹೇಳಲಿಲ್ಲ, ನಾನೇ ಕಂಡುಕೊಂಡೆ. ಪ್ರತಿಯೊಬ್ಬರಿಗೂ ತಮ್ಮ ತಮ್ಮ ವಿಷಯದಲ್ಲಿಯೇ ಭಯವಿದ್ದಿತು. ಅಕ್ಕ ರಾತ್ರಿ ಮಲಗುವುದಕ್ಕೆ ಮೊದಲು ಇಪ್ಪತ್ತೇಳು ನಕ್ಷತ್ರಗಳನ್ನೂ ಅಶ್ವಿನಿಯಿಂದ ರೇವತಿಯವರೆಗೆ ಮೆಲ್ಲನೆ ಹೇಳಿಕೊಳ್ಳುವುದನ್ನು ನಾನು ಜಪವೆಂದು ತಿಳಿದಿದ್ದೆ. ಅದು ಜಪವಲ್ಲ, ಪರೀಕ್ಷೆ. ಮೇಡಮ್ಮನವರು ತಮ್ಮ ಮೊದಲನೆಯ ವರ್ಷದ ತರಗತಿಯ ಹಾಜರಿಪಟ್ಟಿಯನ್ನು ಒಂದನೆಯ ಹುಡುಗಿಯಿಂದ ಮೂವತ್ತೆಂಟನೆಯ ಹುಡುಗಿಯವರೆಗೆ ಬಾಯಲ್ಲಿ ಹೇಳಿಕೊಳ್ಳುತ್ತಾರಂತೆ. ಒಂದು ಹೆಸರು ಸಿಕ್ಕದಿದ್ದರೆ ಆ ರಾತ್ರಿ ನಿದ್ರೆಯಿಲ್ಲ.

ಮುದುಕಿಯರ ಚಿಂತೆಗಳನ್ನು ನಾವು ಗಂಡಸರು ಹಾಸ್ಯಕ್ಕೆ ತೆಗೆದುಕೊಳ್ಳುವುದುಂಟು. ಗ್ಯಾಸನ್ನು ಆರಿಸಿದೆನೇ, ಬೀಗವನ್ನು ಎಳೆದು ನೋಡಿದೆನೇ, ಬಚ್ಚಲಿನಲ್ಲಿ ಕಾಲು ಜಾರಿದರೆ ಯಾರಿಗೆ ತಿಳಿದೀತು, ಫೋನಿನಲ್ಲಿ ಬ್ಯಾಂಕಿನವನೆಂದು ಹೇಳಿದವನಿಗೆ ನಂಬರನ್ನು ಕೊಟ್ಟುಬಿಟ್ಟೆನೇ, ಹೀಗೆ. ನವೆಂಬರು ಬಂದಿತೆಂದರೆ ಕುಟುಂಬಪಿಂಚಣಿಯವರು ತಾವು ಜೀವದಿಂದಿರುವುದಾಗಿ ಪ್ರಮಾಣಪತ್ರವನ್ನು ಒದಗಿಸಬೇಕು. “ಬೆರಳನ್ನು ಯಂತ್ರದ ಮೇಲಿಟ್ಟರೆ ಗುರುತು ಬೀಳೋದಿಲ್ಲ, ಬತ್ತಿ ಹೊಸೆದು ಹೊಸೆದು ರೇಖೆ ಸವೆದುಹೋಗಿದೆ. ನಾನು ಬದುಕಿದ್ದೀನಿ ಅಂತ ನಾನು ಹೇಳಿದರೆ ಸಾಲದೇನ್ರೀ?” ಎಂದು ಮಹಡಿಮನೆಯಮ್ಮ ಒಮ್ಮೆ ಕೇಳಿದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಗ್ಯಾಸಿನ ಸಂಶಯವು ಎಲ್ಲರಿಗೂ ಇರುವುದರಿಂದ ಒಂದು ಮಾತನ್ನು ಹೇಳಬೇಕು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಸ್ಮೃತಿಯೆಂಬುದು ಸಂಸ್ಕಾರವೊಂದರಿಂದಲೇ ಹುಟ್ಟುವ ಜ್ಞಾನವೆಂಬುದು ತಿಳಿದಿದೆ. ಆ ಸಂಸ್ಕಾರವು ಹುಟ್ಟುವುದು ಅನುಭವದಿಂದ. ಅಂದಮೇಲೆ, ಮನಸ್ಸು ಫೋನಿನ ಮಾತಿನಲ್ಲಿದ್ದು ಕೈ ಮಾತ್ರ ಗುಂಡಿಯನ್ನು ತಿರುಗಿಸಿದ್ದರೆ ಅನುಭವವೇ ಆಗಲಿಲ್ಲ. ಅನುಭವವಿಲ್ಲದಲ್ಲಿ ಸಂಸ್ಕಾರವೆಲ್ಲಿಯದು, ಸ್ಮೃತಿಯೆಲ್ಲಿಯದು? ಇದು ಮರೆವಲ್ಲ, ಗಮನವಿಲ್ಲದುದು. ಇಂದಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. “ಆರಿಸಿದೆ” ಎಂದು ಬಾಯಿಬಿಟ್ಟು ಹೇಳಿಕೊಂಡು ಆರಿಸುವವರಿಗೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹಾಗೆಯೇ, ಕಿವಿ ಮಂದವಾದವರನ್ನು ಮರೆಗುಳಿಗಳೆಂದು ನಾವು ದೂರುವುದುಂಟು. ಕೇಳದ ಮಾತನ್ನು ಮರೆಯುವುದೆಂತು?

ಗೌತಮರ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯದಲ್ಲಿ, ಸ್ಮೃತಿಯನ್ನು ಎಚ್ಚರಿಸುವ ನಿಮಿತ್ತಗಳನ್ನು ಒಂದೇ ಸೂತ್ರದಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಎಣಿಸಿದ್ದಾರೆ. ಅಭ್ಯಾಸವಿದೆ, ಗುರುತಿದೆ, ಸಾದೃಶ್ಯವಿದೆ; ವಿಯೋಗವೂ ಸುಖದುಃಖಗಳೂ ಭಯವೂ ಇವೆ. ಸ್ವಾರಸ್ಯವೇನೆಂದರೆ, ಬಾವಿಮನೆಯಮ್ಮನವರಿಗೆ ಬೆಳಗ್ಗೆ ಏನು ತಿಂದೆವೆಂಬುದು ನೆನಪಿಲ್ಲದಿದ್ದ ದಿನಗಳಲ್ಲಿಯೂ ಬೆರಳು ಬತ್ತಿಯನ್ನು ಮರೆಯಲಿಲ್ಲ. ಹತ್ತಿಯ ಎಳೆಯನ್ನು ಹಿಡಿದು, ಹಾಲನ್ನು ಮುಟ್ಟಿ, ತುದಿಯನ್ನು ಹೊಸೆದು ಇಡುವ ಕೆಲಸದಲ್ಲಿ ಅವರನ್ನು ಮೀರಿಸುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೈಗೆ ಹತ್ತಿದ ವಿದ್ಯೆಯು ನೆನಪಿನ ಬೇರೊಂದು ಕೋಣೆಯಲ್ಲಿರುತ್ತದೆಂದೂ, ಮರೆವಿನ ರೋಗವು ಆ ಕೋಣೆಯನ್ನು ಬಹಳ ತಡವಾಗಿ ಮುಟ್ಟುತ್ತದೆಂದೂ ಡಾಕ್ಟರೊಬ್ಬರು ನನಗೆ ಹೇಳಿದರು. ಸೂತ್ರಕಾರರ ‘ಅಭ್ಯಾಸ’ವೆಂಬ ಮಾತು ನನಗೆ ನೆನಪಾಯಿತು. ಎಣಿಕೆಯಾದರೋ ಬೇರೆ, ಎಪ್ಪತ್ತೆರಡು ಆಯಿತೆಂಬುದನ್ನು ಹಿಡಿದುಕೊಂಡೇ ಎಪ್ಪತ್ತಮೂರಕ್ಕೆ ಹೋಗಬೇಕು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಮೂವತ್ತು ವರ್ಷಗಳ ಕಾಲ ನಾನು ಹುಡುಗರಿಗೆ ಶಾಕುಂತಲದ ನಾಲ್ಕನೆಯ ಅಂಕವನ್ನು ಪಾಠಹೇಳಿದವನು. ವ್ಯಾಸಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲವೂ ನೆನಪಿದ್ದು, ಲೋಕಾಪವಾದಕ್ಕೆ ಅಂಜಿ ಅರಿಯದವನಂತೆ ನಟಿಸುತ್ತಾನೆ. ಮರೆವನ್ನು ತಂದಿಟ್ಟವನು ಕಾಳಿದಾಸ. ನಮ್ಮ ಮೈಸೂರಿನ ಆಸ್ಥಾನಕವಿಗಳಾಗಿದ್ದ ಬಸವಪ್ಪಶಾಸ್ತ್ರಿಗಳ ಅನುವಾದದಿಂದ ಈ ಕಥೆಯು ಕನ್ನಡಿಗರ ಮನೆಮಾತಾಯಿತು. ದುರ್ವಾಸರು ಶಾಪವನ್ನು ಕೊಟ್ಟಾಗ ಶಕುಂತಲೆಯು ಮೈಮರೆತು ಕುಳಿತಿದ್ದಾಳೆ. ಕೇಳಿದವರು ಅನಸೂಯೆ ಪ್ರಿಯಂವದೆಯರು ಮಾತ್ರ. ಪ್ರಿಯಂವದೆಯು ಓಡಿಹೋಗಿ ಕಾಲು ಹಿಡಿದುದರಿಂದ, ಗುರುತಿನ ಆಭರಣವನ್ನು ಕಂಡಾಗ ಶಾಪವು ನಿವೃತ್ತಿಯಾಗುವುದೆಂಬ ಸಮಾಧಾನವು ದೊರೆಯುತ್ತದೆ. ಸ್ವಭಾವದಿಂದಲೇ ಕೋಮಲೆಯಾದ ಗೆಳತಿಯನ್ನು ನೋಯಿಸಬಾರದೆಂದು ಇಬ್ಬರೂ ಆ ಸಂಗತಿಯನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತಾರೆ. ಸಖ್ಯವೆಂದರೆ ಹೀಗಿರಬೇಕೆಂದು ನಾನು ವರ್ಷವರ್ಷವೂ ಗದ್ಗದಕಂಠದಿಂದ ಹೇಳಿದ್ದುಂಟು.

ಅದೇ ಗೆಳತಿಯು ಹೊರಡುವಾಗ ಅವರು ಹೇಳಿದುದೆಷ್ಟು? ಅರಸನು ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸು ಎಂದು. ಶಕುಂತಲೆಯು ನಡುಗಿದಳು, ಹೆದರಬೇಡ ಎಂದುಬಿಟ್ಟರು. ಆ ಉಂಗುರದ ಮೇಲೆ ತನ್ನ ಬಾಳೆಲ್ಲ ನಿಂತಿದೆಯೆಂದು ಆಕೆಗೆ ತಿಳಿದಿದ್ದರೆ ಶಚೀತೀರ್ಥದಲ್ಲಿ ನೀರಿಗೆ ವಂದಿಸುವಾಗ ಬೆರಳನ್ನು ಮಡಿಸಿ ಹಿಡಿಯುತ್ತಿರಲಿಲ್ಲವೇ? ಅದು ಮೀನಿನ ಹೊಟ್ಟೆಯನ್ನು ಸೇರುತ್ತಿತ್ತೇ? ಮೂವತ್ತು ವರ್ಷ ಪಾಠಹೇಳಿದರೂ ಈ ಪ್ರಶ್ನೆಯು ನನಗೆ ಹೊಳೆಯಲಿಲ್ಲ. ಹೊಳೆದುದು ಸೆಪ್ಟೆಂಬರ್ ತಿಂಗಳಲ್ಲಿ ಒಂದು ಆಸ್ಪತ್ರೆಯ ಬೆಂಚಿನ ಮೇಲೆ.

ಗೌರೀಹಬ್ಬ ಕಳೆದು ಹತ್ತು ದಿನಗಳಾಗಿರಬಹುದು. ಬೆಳಗ್ಗೆ ಒಂಬತ್ತಾದರೂ ಬಾವಿಮನೆಯ ಮುಂದೆ ರಂಗೋಲಿ ಬಿದ್ದಿರಲಿಲ್ಲ. ಅಕ್ಕ ತನ್ನ ಬಳಿಯಿದ್ದ ಬೀಗದಕೈಯಿಂದ ಬಾಗಿಲನ್ನು ತೆರೆದು ನೋಡಿದಾಗ ಅವರು ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಸೀರೆಯೆಲ್ಲ ಬೆವರಿನಿಂದ ನೆನೆದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಅಕ್ಕನನ್ನು ತಮ್ಮ ಅತ್ತೆಯೆಂದು ತಿಳಿದು ಏನೋ ಸಮಾಧಾನ ಹೇಳುತ್ತಿದ್ದರು. ಅವರಿಗೆ ಮಧುಮೇಹವುಂಟು. ತಿಂಡಿಗೆ ಮೊದಲು ನುಂಗತಕ್ಕ ಗ್ಲಿಮೆಪಿರೈಡ್ ಗುಳಿಗೆಯನ್ನು ನುಂಗಿ, ನುಂಗಿದುದನ್ನು ಮರೆತು ಮತ್ತೊಮ್ಮೆ ನುಂಗಿ, ತಿಂಡಿಯನ್ನು ತಿನ್ನುವುದನ್ನೇ ಮರೆತಿದ್ದರು. ಆ ಬಗೆಯ ಗುಳಿಗೆಯು ಹೊಟ್ಟೆಯಲ್ಲಿ ಆಹಾರವಿಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಅಕ್ಕನಿಗೆ ಎಚ್ಚರವಿದ್ದಿತು. ನುಂಗುವ ಶಕ್ತಿಯಿದೆಯೆಂಬುದನ್ನು ನೋಡಿಕೊಂಡು ಸಕ್ಕರೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿ ನನ್ನನ್ನು ಕೂಗಿದಳು. (ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಉಸಿರಿನ ದಾರಿಗೆ ಹೋಗುತ್ತದೆ. ಅಂಥವರನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.) ಇಪ್ಪತ್ತು ನಿಮಿಷಗಳಲ್ಲಿ ಮಾತು ಸರಿಹೋಯಿತು. ಆದರೂ ಆ ಗುಳಿಗೆಯ ಪ್ರಭಾವವು ಬಹಳ ಹೊತ್ತು ಇರುತ್ತದಾದುದರಿಂದ ಡಾಕ್ಟರು ಅಂದೂ ಮಾರನೆಯ ದಿನವೂ ಅಲ್ಲಿಯೇ ಇರಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮಗನು ಬಂದನು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯುಳ್ಳವರು. “ಇವರಿಗೆ ಮರೆವು ಯಾವಾಗಿನಿಂದ ಇದೆ?” ಎಂದು ಕೇಳಿದರು. “ಮರೆವೇ? ನಮ್ಮ ಅಮ್ಮನಿಗೆ? ಅವರ ಲೆಕ್ಕ ಇಡೀ ಬೀದಿಗೇ ಗೊತ್ತು” ಎಂದನು ಮಗ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಕಾಣದಂತೆ ಆರು ತಿಂಗಳಿಂದ ಜೋಡಿಸಿಟ್ಟವರು ನಾವು. ಅಕ್ಕ ಬೆಂಚಿನ ಮೇಲೆ ಕುಳಿತು ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆಯುತ್ತಿದ್ದಳು. ಬಾವಿಮನೆಯಮ್ಮನವರು ಮಂಚದ ಮೇಲಿಂದ ಆಕೆಯನ್ನೇ ನೋಡುತ್ತಿದ್ದರು. ಆ ನೋಟದಲ್ಲಿದ್ದುದು ಬೇಡಿಕೆ.

ಅಕ್ಕ ಹೇಳಿಬಿಟ್ಟಳು. ಬತ್ತಿಯ ಲೆಕ್ಕದಿಂದ ಮೊದಲುಮಾಡಿ ನಂಜನಗೂಡಿನವರೆಗೆ ಎಲ್ಲವನ್ನೂ ತಿಂಗಳು ತಿಥಿಗಳೊಡನೆ ಹೇಳಿದಳು.

ಮಗನಿಗೆ ಸಿಟ್ಟು ಬಂದುದು ಸಹಜವೇ. “ದೊಡ್ಡಮ್ಮಾ, ನಿಮ್ಮನ್ನು ನಂಬಿಕೊಂಡೇ ಅಲ್ಲವೇ ನಾನು ಅಮ್ಮನನ್ನು ಬಿಟ್ಟಿದ್ದು?” ಎಂದನು. ತಾಯಿಯಾದರೋ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಮನೆಗೆ ಬಂದ ಮೇಲೂ ಹನ್ನೊಂದು ದಿನ ನಮ್ಮ ಜಗಲಿಗೆ ಬರಲಿಲ್ಲ. ಅಕ್ಕ ಹೋದರೆ ಬಾಗಿಲು ತೆರೆದು, ಮಣೆ ಹಾಕಿ, ಕಾಫಿ ಕೊಟ್ಟು, ಒಂದು ಮಾತನ್ನೂ ಆಡದೆ ಕುಳಿತಿರುತ್ತಿದ್ದರು.

ಮರೆವಿಗೆ ಸಂಬಂಧಿಸಿದ ವೈದ್ಯವಿಷಯವನ್ನು ನಾನು ಆ ದಿನಗಳಲ್ಲಿ ಕೇಳಿ, ಓದಿ ತಿಳಿದುಕೊಂಡೆ. ಓದುಗರ ಮನೆಗಳಲ್ಲಿಯೂ ಹಿರಿಯರಿರುವರಾದುದರಿಂದ ಅಗತ್ಯವಾದಷ್ಟನ್ನು ಹೇಳುತ್ತೇನೆ. ಒಂದು ಹೆಸರು ನಾಲಗೆಯ ತುದಿಯಲ್ಲಿದ್ದು ಸಂಜೆಗೆ ತಾನಾಗಿ ಬರುವುದು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುವುದು ವಯೋಧರ್ಮ. ಐವತ್ತು ವರ್ಷ ಮಾಡಿದ ಸಾರಿನಲ್ಲಿ ಬೇಳೆ ಮೊದಲೋ ಹುಣಿಸೆಹುಳಿ ಮೊದಲೋ ಎಂದು ನಿಂತುಬಿಡುವುದು, ಕೇಳಿದ ಪ್ರಶ್ನೆಯನ್ನು ಕೇಳಿದೆನೆಂಬುದೇ ಅಳಿಸಿಹೋಗಿ ಮತ್ತೆ ಮತ್ತೆ ಕೇಳುವುದು, ನಿತ್ಯ ನಡೆಯುವ ಬೀದಿಯಲ್ಲಿ ದಾರಿ ತಪ್ಪುವುದು, ಇವು ವಯೋಧರ್ಮವಲ್ಲ, ಡಾಕ್ಟರಿಗೆ ತೋರಿಸತಕ್ಕವು. ತೋರಿಸಬೇಕಾದ ಮುಖ್ಯ ಕಾರಣವೇನೆಂದರೆ, ಮರೆವೆಲ್ಲವೂ ವಾಸಿಯಾಗದ ಮರೆವಲ್ಲ. ಬಿ-12 ಎಂಬ ಜೀವಸತ್ವವು ಕಡಮೆಯಾದರೂ, ಥೈರಾಯ್ಡ್ ಗ್ರಂಥಿಯು ಮಂದವಾದರೂ, ಮನಸ್ಸಿಗೆ ಬಹುಕಾಲದ ಖಿನ್ನತೆ ಹಿಡಿದರೂ, ನೆಗಡಿಗೆಂದೋ ನಿದ್ರೆಗೆಂದೋ ನುಂಗುವ ಕೆಲವು ಗುಳಿಗೆಗಳಿಂದಲೂ ನೆನಪು ಮಸಕಾಗುತ್ತದೆ. ಕಾರಣವನ್ನು ತೆಗೆದರೆ ಎಷ್ಟೋ ಮಟ್ಟಿಗೆ ತಿಳಿಯಾಗುತ್ತದೆ. ಬಿ-12 ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ದೊರೆಯುವುದು ಬಹಳ ಅಪೂರ್ವ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಎಂಬ ಔಷಧವನ್ನು ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಅದು ಇನ್ನಷ್ಟು ಇಳಿಯುವ ಸಂಭವವುಂಟು. ಬಾವಿಮನೆಯಮ್ಮನವರು ಅದನ್ನು ಹದಿನಾರು ವರ್ಷದಿಂದ ನುಂಗುತ್ತಿದ್ದರು. ಹಾಲನ್ನು ಕಂಡರೆ ಅವರಿಗೆ ಆಗದು. ರಕ್ತವನ್ನು ಪರೀಕ್ಷಿಸಿದಾಗ ಬಿ-12 ಬಹಳ ಕೆಳಗಿದ್ದಿತು. ಈ ಪರೀಕ್ಷೆಯನ್ನು ಯುಗಾದಿಯಲ್ಲಿಯೇ ಮಾಡಿಸಬಹುದಾಗಿತ್ತು.

ಇನ್ನು ವಾಸಿಯಾಗದ ಬಗೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಅಗಸ್ಟೆ ಡೀಟರ್ ಎಂಬ ಐವತ್ತೊಂದು ವರ್ಷದ ಗೃಹಿಣಿಯನ್ನು ಕರೆತಂದರು. ಆಕೆಗೆ ತನ್ನ ಹೆಸರನ್ನು ಬರೆಯುವುದೂ ಪೂರ್ತಿಯಾಗಿ ಸಾಗುತ್ತಿರಲಿಲ್ಲ. ಅಲೋಯಿಸ್ ಅಲ್ಜೈಮರ್ ಎಂಬ ವೈದ್ಯನು ಆಕೆಯೊಡನೆ ನಡೆದ ಪ್ರಶ್ನೋತ್ತರಗಳನ್ನೆಲ್ಲ ಬರೆದಿಟ್ಟನು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ, ಅದೇ ವರ್ಷದ ನವೆಂಬರಿನಲ್ಲಿ ತಾನು ಕಂಡುದನ್ನು ವಿದ್ವಾಂಸರ ಮುಂದಿಟ್ಟನು. 1910ರಲ್ಲಿ ಈ ರೋಗಕ್ಕೆ ಅವನ ಹೆಸರೇ ಬಂದಿತು. ಆ ಹೆಂಗಸಿನ ಹೆಸರನ್ನು ಬಲ್ಲವರು ಕಡಮೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರೊಳಗೆ ಇಂಥ ಮರೆವಿನ ರೋಗಗಳುಳ್ಳವರು ನೂರಕ್ಕೆ 7ಕ್ಕಿಂತ ಸ್ವಲ್ಪ ಹೆಚ್ಚು, ಎಂದರೆ ಸುಮಾರು 88 ಲಕ್ಷ ಜನವೆಂದು 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನವು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣವು ಹೆಚ್ಚು. ಓದಿಲ್ಲದವರಲ್ಲಿ ಇನ್ನೂ ಹೆಚ್ಚು. ಹೆಣ್ಣುಮಕ್ಕಳನ್ನು ಮೂರನೆಯ ತರಗತಿಗೇ ಬಿಡಿಸಿ ಮನೆಯಲ್ಲಿ ಕೂರಿಸಿದ ಹಿರಿಯರು ಈ ಲೆಕ್ಕವನ್ನು ಕಂಡಿರಲಿಲ್ಲ. ಬಾವಿಮನೆಯಮ್ಮನವರು ಓದಿದುದೂ ಮೂರನೆಯ ತರಗತಿಯವರೆಗೆ ಮಾತ್ರ.

2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗವು ಈ ರೋಗಗಳನ್ನು ತಡೆಯುವುದಕ್ಕೋ ಮುಂದೂಡುವುದಕ್ಕೋ ಸಾಧ್ಯವಾಗುವಂತೆ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಎಣಿಸಿತು. ಬಾಲ್ಯದಲ್ಲಿ ಓದಿಲ್ಲದಿರುವುದು, ಕಿವಿ ಮಂದವಾಗುವುದು, ಮಧುಮೇಹ, ರಕ್ತದ ಒತ್ತಡ ಇವುಗಳ ಜೊತೆಯಲ್ಲಿ ಜನಸಂಪರ್ಕವಿಲ್ಲದೆ ಒಂಟಿಯಾಗಿರುವುದೂ ಅದರಲ್ಲಿದೆ. ಇದನ್ನು ಓದಿದಾಗ ಹತ್ತನೆಯ ಅಂತಸ್ತಿನ ವಿಷಯದಲ್ಲಿ ಅಕ್ಕ ಹೇಳಿದ ಮಾತು ನೆನಪಾಯಿತು. ಆಕೆ ಮುಚ್ಚಿಟ್ಟದ್ದು ತಪ್ಪು. ಮುಚ್ಚಿಡುವುದಕ್ಕೆ ಆಕೆ ಹೇಳಿದ ಕಾರಣವು ಸುಳ್ಳಲ್ಲ.

ಈ ಮಾತನ್ನು ಮಗನಿಗೂ ಹೇಳಿದವರು ಆ ಡಾಕ್ಟರೇ. ಕೂಡಲೇ ಊರು ಬಿಡಿಸಿದರೆ ದಿಕ್ಕು ತೋಚದೆ ಮರೆವು ಇನ್ನೂ ಹೆಚ್ಚಾಗಿ ಕಾಣಬಹುದು, ನೋಡಿಕೊಳ್ಳುವವರಿದ್ದರೆ ಸದ್ಯಕ್ಕೆ ಇಲ್ಲಿಯೇ ಇರಲಿ ಎಂದರು. ಗ್ಲಿಮೆಪಿರೈಡನ್ನು ನಿಲ್ಲಿಸಿ ಸಕ್ಕರೆಯನ್ನು ಅಷ್ಟು ಕೆಳಕ್ಕೆ ಇಳಿಸದ ಬೇರೊಂದು ಔಷಧವನ್ನು ಬರೆದುಕೊಟ್ಟರು. ಬಿ-12 ಚುಚ್ಚುಮದ್ದು ಮೊದಲಾಯಿತು. ವಾರದ ಏಳು ದಿನಗಳಿಗೆ ಏಳು ಮನೆಗಳುಳ್ಳ ಒಂದು ಗುಳಿಗೆಯ ಡಬ್ಬಿ ಬಂದಿತು. ಅದನ್ನು ಭಾನುವಾರ ತುಂಬುವುದು ಮೇಡಮ್ಮನವರ ಪಾಲು. ಕಿವಿಗೆ ಯಂತ್ರವನ್ನು ಹಾಕಿಸಿದರು. ಬೆಳಗ್ಗೆ ಒಬ್ಬ ಹೆಂಗಸು ಬಂದು ಅಡಿಗೆಯಲ್ಲಿ ಕೈಜೋಡಿಸಿ, ಇದ್ದು, ರಾತ್ರಿಯೂ ಅಲ್ಲಿಯೇ ಮಲಗುವ ಏರ್ಪಾಡಾಯಿತು. ಆರು ತಿಂಗಳ ಮೇಲೆ ನೆನಪಿನ ಪರೀಕ್ಷೆಯನ್ನು ಪುನಃ ಮಾಡಿ ನೋಡೋಣ, ಎಲ್ಲವೂ ಬಿ-12ರಿಂದಲೇ ಆದುದೆಂದು ಈಗಲೇ ಹೇಳಲಾರೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ತಿಳಿಸಿದರು. ತಿಳಿಸಿದುದು ಮಗನಿಗಲ್ಲ, ಬಾವಿಮನೆಯಮ್ಮನವರಿಗೇ.

ಹನ್ನೆರಡನೆಯ ದಿನ ಸಂಜೆ ಅವರು ತಾವಾಗಿಯೇ ನಮ್ಮ ಜಗಲಿಯನ್ನು ಹತ್ತಿ ತಮ್ಮ ಜಾಗದಲ್ಲಿ ಕುಳಿತರು. ಯಾರೂ ಏನೂ ಕೇಳಲಿಲ್ಲ. ಹತ್ತಿಯನ್ನು ಎಳೆದುಕೊಂಡು ಇಪ್ಪತ್ತು ಬತ್ತಿಗಳನ್ನು ಹೊಸೆದ ಮೇಲೆ, ತಲೆಯೆತ್ತದೆ, “ನೀವು ಬಿಚ್ಚಿ ಕಟ್ಟುತ್ತಾ ಇದ್ದದ್ದು ನನಗೆ ಗೊತ್ತಿತ್ತು ಕಣ್ರೀ” ಎಂದರು.

ಅಕ್ಕನ ಕೈ ನಿಂತುಹೋಯಿತು.

“ನನ್ನ ಗಂಟು ನನಗೆ ಗೊತ್ತಾಗೋಲ್ಲವೇ? ನಾನು ಒಂದು ಎಳೆ ಬಿಟ್ಟು ಕುಣಿಕೆ ಹಾಕ್ತೀನಿ, ನಮ್ಮತ್ತೆ ಹೇಳಿಕೊಟ್ಟ ಹಾಗೆ. ನೀವು ಬಿಗಿಯಾಗಿ ಎರಡು ಗಂಟು ಹಾಕಿಬಿಡ್ತೀರಿ. ಬೆಳಗ್ಗೆ ನೋಡಿದಾಗಲೆಲ್ಲಾ ಇವತ್ತೂ ತಪ್ಪಿದೆ ಅಂತ ತಿಳಿಯುತ್ತಿತ್ತು. ನೀವು ಇಷ್ಟು ಕಷ್ಟಪಡುತ್ತೀರಲ್ಲ, ಗೊತ್ತಾಯಿತು ಅಂದರೆ ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ.”

ಮಹಡಿಮನೆಯಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ನಾನಿದ್ದ ಕಡೆಯಿಂದ ಸರಿಯಾಗಿ ಕಾಣಲಿಲ್ಲ. ಅಕ್ಕ ಮಾತ್ರ, “ಹನ್ನೊಂದು ದಿನ ಮಾತು ಬಿಟ್ಟಿದ್ದು ಏತಕ್ಕೆ ಹಾಗಾದರೆ?” ಎಂದು ಕೇಳಿದಳು.

“ಡಾಕ್ಟರ ಮುಂದೆ ಹೇಳಿದ್ದಕ್ಕಲ್ಲ. ನನ್ನನ್ನು ಒಂದು ಮಾತು ಕೇಳಿ ಹೇಳಬಹುದಾಗಿತ್ತು.”

ಅಕ್ಕ ಇದಕ್ಕೆ ಉತ್ತರ ಕೊಡಲಿಲ್ಲ. ನಾನೂ ಒಳಗಿನಿಂದ ಉತ್ತರವನ್ನು ಹುಡುಕಿದೆ, ದೊರೆಯಲಿಲ್ಲ.

ಚುಚ್ಚುಮದ್ದಿನಿಂದ ಗುಣವಾಯಿತೇ ಎಂದು ಓದುಗರು ಕೇಳಬಹುದು. ಆಯಾಸವು ಹೋಯಿತು, ಕಾಲಿನ ಜೋಮು ಇಳಿಯಿತು, ಮಾತು ಚುರುಕಾಯಿತು. ಒಂದೇ ಸಂಗತಿಯನ್ನು ನಾಲ್ಕು ಸಲ ಹೇಳುತ್ತಿದ್ದವರು ಎರಡು ಸಲ ಹೇಳುತ್ತಾರೆ. ಎಣಿಕೆ ಮಾತ್ರ ಎಪ್ಪತ್ತರ ಹತ್ತಿರ ಬಂದಾಗ ಒಮ್ಮೊಮ್ಮೆ ಕೈತಪ್ಪುತ್ತದೆ. ಆದುದರಿಂದ ನೂರಕ್ಕೆ ಬದಲಾಗಿ ಹತ್ತು ಹತ್ತಾಗಿ ಎಣಿಸಿ, ಒಂದೊಂದು ಹತ್ತಕ್ಕೂ ಒಂದು ಹುಣಿಸೆಬೀಜವನ್ನು ಪಕ್ಕಕ್ಕೆ ಇಡುವ ಕ್ರಮವನ್ನು ಅವರೇ ಕಂಡುಹಿಡಿದರು.

ಕಾರ್ತಿಕ ಪೌರ್ಣಮಿಯಂದು ಬೀದಿಯ ಕೊನೆಯ ಈಶ್ವರನ ಗುಡಿಯ ಪ್ರಾಕಾರದಲ್ಲಿ, ಎಣ್ಣೆಯಲ್ಲಿ ನೆನೆಸಿದ ಬತ್ತಿಗಳನ್ನು ಐದು ದೊಡ್ಡ ಮಣ್ಣಿನ ಪಾತ್ರೆಗಳಲ್ಲಿ ರಾಶಿಹಾಕಿ ಹೊತ್ತಿಸಿದರು. ಉರಿಯು ಆಳುದ್ದ ಎದ್ದಿತು. ಮಗನೂ ಬಂದಿದ್ದನು. ಬಾವಿಮನೆಯಮ್ಮನವರು ನನ್ನ ಹತ್ತಿರ ಬಂದು, “ಮೇಷ್ಟ್ರೇ, ಲಕ್ಷ ಸರಿಯಾಗಿ ಆಯಿತೇ?” ಎಂದು ಕೇಳಿದರು. ಆಯಿತೆಂದೆ. ಪ್ರಸಾದ ಹಂಚುವಾಗ ಬಂದು ಮತ್ತೆ ಕೇಳಿದರು. ಎರಡನೆಯ ಸಲ, “ಆಗಲೇ ಕೇಳಿದಿರಿ ಅಮ್ಮಾ, ಆಯಿತು” ಎಂದು ಹೇಳಿದೆ. “ಹೌದೇ? ಕೇಳಿದೆನೇ?” ಎಂದು ನಕ್ಕು, ಒಂದು ಹುಣಿಸೆಬೀಜವನ್ನು ನನ್ನ ಕೈಯಲ್ಲಿಟ್ಟು ಹೋದರು.

ಈಗ ಜಗಲಿಯ ಮೇಲೆ ಹತ್ತಿಯ ಮೊರದ ಪಕ್ಕದಲ್ಲಿ ಒಂದು ಗೆರೆಯ ಪುಸ್ತಕವೂ ಇರುತ್ತದೆ. ಅದರಲ್ಲಿ ನಾಲ್ಕು ಕಲಂಗಳು. ಅಂದಂದಿನ ಬತ್ತಿಯ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಬರೆಯಬೇಕು. ಗುಳಿಗೆ ಆಯಿತೇ, ಗ್ಯಾಸ್ ಆರಿಸಿದ್ದಾಯಿತೇ ಎಂಬುದನ್ನೂ ಕೂಡ. ನಾಲ್ವರಿಗೂ ಒಂದೇ ಕಾನೂನು. ಕಳೆದ ಗುರುವಾರ ಅಕ್ಕನ ಕಲಮಿನಲ್ಲಿ ನೂರ ಎರಡು ಎಂದಿದ್ದುದನ್ನು ಬಾವಿಮನೆಯಮ್ಮನವರು ಹೊಡೆದುಹಾಕಿ, ತೊಂಬತ್ತೆಂಟು ಎಂದು ತಿದ್ದಿ, ಪಕ್ಕದಲ್ಲಿ ತಮ್ಮ ರುಜು ಹಾಕಿದ್ದಾರೆ. ನಾನು ಎಣಿಸಿ ನೋಡಿದೆ; ತೊಂಬತ್ತೆಂಟೇ ಇದ್ದುವು.